ದಿಲ್ಲಿಯ ಸ್ಮಾರಕಗಳ ಫೋಟೊ ತೆಗೆಯುವುದು ಹೇಗೆ: ಮೊದಲು ಸೂರ್ಯ, ಆಮೇಲೆ ಹೆಜ್ಜೆ, ಕೊನೆಗೆ ಕ್ಯಾಮರಾ

ದಿಲ್ಲಿಗೆ ಹೋಗಿ ಬಂದವರು ಫೋನ್ ಮುಂದೆ ಹಿಡಿದು, "ಯಾಕೋ ಸರಿ ಬಂದಿಲ್ಲ, ನೋಡಿ" ಅಂತಾರೆ. ನೋಡಿದರೆ ಪ್ರತಿ ಸಲವೂ ಅದೇ ನಾಲ್ಕು ತಪ್ಪು. ಕುತುಬ್ ಮಿನಾರ್ ಹಿಂದಕ್ಕೆ ಬೀಳುತ್ತಿರುವ ಹಾಗಿದೆ. ಇಂಡಿಯಾ ಗೇಟ್ ಇದ್ದಿಲಿನ ಹಾಗೆ ಕಪ್ಪಗೆ, ಅದರ ಹಿಂದೆ ಬೆಳ್ಳಗಿನ ಆಕಾಶ. ಹುಮಾಯೂನ್ ಸಮಾಧಿಯ ಗುಮ್ಮಟದಲ್ಲಿ ಒಂದು ಗೆರೆಯೂ ಕಾಣದೆ ಬರೀ ಬಿಳಿ ಮಚ್ಚೆ. ಲೋಟಸ್ ಟೆಂಪಲ್ ಮಾತ್ರ ಬೂದಿ ಬಳಿದ ಹಾಗೆ.

ಇದಕ್ಕೆ ಕ್ಯಾಮರಾ ಕಾರಣ ಅಲ್ಲ. ಹೆಚ್ಚಿನವರು ಕೆಲಸವನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಜಾಗಕ್ಕೆ ಹೋಗುತ್ತಾರೆ, ಗೇಟು ದಾಟಿದ ಕೂಡಲೇ ಕ್ಯಾಮರಾ ಎತ್ತುತ್ತಾರೆ, ಸೂರ್ಯ ಎಲ್ಲಿದೆ ಅಂತ ಕೊನೆಗೆ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಫೋನ್ ಇದ್ದರೂ ಸಾಕು, ಕ್ಯಾಮರಾ ಇದ್ದರೂ ಸರಿ.

## ಹಂತ 1: ತಿಂಗಳು ಮತ್ತು ವಾರ ಆರಿಸಿಕೊಳ್ಳಿ

ಫೆಬ್ರವರಿ, ಮಾರ್ಚ್ ಒಳ್ಳೆಯ ತಿಂಗಳುಗಳು. ಮಳೆಗಾಲ ಮುಗಿಯುವ ಸೆಪ್ಟೆಂಬರ್ ಕೊನೆಯಲ್ಲೂ ಆಕಾಶ ತೊಳೆದ ಹಾಗಿರುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ತನಕ ಹೊಗೆ ಜಾಸ್ತಿ. ಆಗ ದೂರದ ಕಟ್ಟಡಗಳೆಲ್ಲ ಕಂದು ಪರದೆಯ ಹಿಂದೆ ನಿಂತ ಹಾಗೆ ಕಾಣುತ್ತವೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು.

ನನ್ನ ಮೊದಲ ಜನವರಿ ಪ್ರವಾಸದಲ್ಲಿ ಬೆಳಗ್ಗೆ ಆರೂವರೆಗೇ ಇಂಡಿಯಾ ಗೇಟ್ ಮುಂದೆ ನಿಂತಿದ್ದೆ. ಬೆಂಗಳೂರಿನ ಅಭ್ಯಾಸ, ಇನ್ನೇನು ಬೆಳಕಾಗುತ್ತದೆ ಅಂದುಕೊಂಡಿದ್ದೆ. ಜನವರಿಯಲ್ಲಿ ದಿಲ್ಲಿಯ ಸೂರ್ಯ ಹುಟ್ಟುವುದು ಸುಮಾರು 7.15ಕ್ಕೆ. ಹುಟ್ಟಿದ ಮೇಲೂ ಮಂಜಿನಿಂದ 42 ಮೀಟರ್ ಎತ್ತರದ ಕಮಾನೇ ಕಾಣಿಸಲಿಲ್ಲ. ಎರಡು ಚಹಾ ಕುಡಿದು ಒಂಬತ್ತೂವರೆಗೆ ವಾಪಸ್ ಬಂದಾಗ ಫೋಟೊ ಸಿಕ್ಕಿತು. ಹಾಗಾಗಿ ಮಂಜಿನ ದಿನಗಳಲ್ಲಿ ನಸುಕಿಗೆ ದೊಡ್ಡ ಕಟ್ಟಡಗಳ ಕಡೆ ಹೋಗಬೇಡಿ. ಲೋಧಿ ಗಾರ್ಡನ್‌ಗೆ ಹೋಗಿ. ಮರ, ಗುಮ್ಮಟ, ನಡುವೆ ವಾಕಿಂಗ್ ಮಾಡುವವರು. ಅಲ್ಲಿ ಮಂಜು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಳಗೆ ಹೋಗಲು ಟಿಕೆಟ್ ಕೂಡ ಇಲ್ಲ.

ಬುಕಿಂಗ್ ಮಾಡುವ ಮೊದಲು ಈ ಅಡ್ಡಿಗಳನ್ನೂ ನೋಡಿಕೊಳ್ಳಿ:

- ಕೆಂಪು ಕೋಟೆ, ಲೋಟಸ್ ಟೆಂಪಲ್, ಅಕ್ಷರಧಾಮ ಮೂರಕ್ಕೂ ಸೋಮವಾರ ರಜೆ. ಸೋಮವಾರವೊಂದೇ ಕೈಯಲ್ಲಿದ್ದರೆ ಹುಮಾಯೂನ್ ಸಮಾಧಿ, ಕುತುಬ್ ಇಟ್ಟುಕೊಳ್ಳಿ.
- ಜನವರಿ ಮಧ್ಯದಿಂದ ಗಣರಾಜ್ಯೋತ್ಸವದ ತಾಲೀಮು ನಡೆಯುತ್ತದೆ. ಇಂಡಿಯಾ ಗೇಟ್‌ನಿಂದ ರಾಷ್ಟ್ರಪತಿ ಭವನದ ಕಡೆ ಹೋಗುವ ಕರ್ತವ್ಯ ಪಥದ ಉದ್ದಕ್ಕೂ ಆಸನಗಳು, ಬೇಲಿಗಳು ಏಳುತ್ತವೆ. ರಸ್ತೆಯೂ ಆಗಾಗ ಬಂದ್. 26 ಮುಗಿದರೂ ಅವನ್ನೆಲ್ಲ ಬಿಚ್ಚಲು ದಿನ ಬೇಕು.
- ಆಗಸ್ಟ್ 15ಕ್ಕೆ ಮುಂಚೆ ಹಲವು ದಿನ ಕೆಂಪು ಕೋಟೆಗೆ ಜನರನ್ನು ಬಿಡುವುದಿಲ್ಲ.
- ಅಕ್ಷರಧಾಮದ ಒಳಗೆ ಫೋನ್, ಕ್ಯಾಮರಾ ಎರಡೂ ಇಲ್ಲ. ಫೋಟೊ ಪಟ್ಟಿಯಿಂದ ಅದನ್ನು ಈಗಲೇ ತೆಗೆದುಬಿಡಿ.

## ಹಂತ 2: ಯಾವ ಮುಖಕ್ಕೆ ಯಾವಾಗ ಬಿಸಿಲು ಅಂತ ಬರೆದಿಟ್ಟುಕೊಳ್ಳಿ

ಇದನ್ನು ಬಿಟ್ಟವರಿಗೇ ಇದ್ದಿಲು ಬಣ್ಣದ ಇಂಡಿಯಾ ಗೇಟ್ ಸಿಗುವುದು. ನಕ್ಷೆ ತೆರೆದು ಪ್ರತಿ ಕಟ್ಟಡದ ಮುಖ್ಯ ಮುಖ ಯಾವ ದಿಕ್ಕಿಗಿದೆ ಅಂತ ನೋಡಿ. ಹತ್ತು ನಿಮಿಷದ ಕೆಲಸ.

ಇಂಡಿಯಾ ಗೇಟ್. ಕರ್ತವ್ಯ ಪಥ ಹೆಚ್ಚುಕಮ್ಮಿ ನೇರ ಪೂರ್ವ-ಪಶ್ಚಿಮ. ಒಂದು ತುದಿಯಲ್ಲಿ ಇಂಡಿಯಾ ಗೇಟ್, ಇನ್ನೊಂದು ತುದಿಯಲ್ಲಿ ರಾಷ್ಟ್ರಪತಿ ಭವನ. ಬೆಳಗ್ಗೆ ರಸ್ತೆಯ ಕಡೆಯಿಂದ, ಅಂದರೆ ಪಶ್ಚಿಮದಿಂದ ನೋಡಿದರೆ ಸೂರ್ಯ ಕಮಾನಿನ ಹಿಂದೆ ಇರುತ್ತದೆ. ಕಲ್ಲಿನ ಬಣ್ಣ ಬೇಕಾದರೆ ಬೆಳಗ್ಗೆ ಪೂರ್ವಕ್ಕೆ, ನೇತಾಜಿ ಪ್ರತಿಮೆ ಇರುವ ಮಂಟಪದ ಕಡೆಗೆ ಸುತ್ತಿ ಹೋಗಿ. ಮಂಟಪ ಮತ್ತು ಕಮಾನು ಎರಡನ್ನೂ ಒಂದೇ ಚೌಕಟ್ಟಿಗೆ ಹಾಕಬಹುದು. ರಸ್ತೆ ಕಡೆಯ ಮುಖಕ್ಕೆ ಬಿಸಿಲು ಬರುವುದು ಮಧ್ಯಾಹ್ನದ ಮೇಲೆ.

ಅಂದ ಹಾಗೆ, ಕಮಾನಿನ ಕೆಳಗೆ ಅಮರ್ ಜವಾನ್ ಜ್ಯೋತಿ ಹುಡುಕಬೇಡಿ. 2022ರ ಜನವರಿಯಲ್ಲಿ ಅದನ್ನು ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಿದರು. ಹಳೆಯ ಫೋಟೊ ನೋಡಿ ಅದನ್ನೇ ತೆಗೆಯಬೇಕು ಅಂತ ಬಂದವರು ಅಲ್ಲೇ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ.

ರಾಷ್ಟ್ರಪತಿ ಭವನ. ಸಂಜೆ ಸೂರ್ಯ ಇದರ ಹಿಂದಕ್ಕೆ ಇಳಿಯುತ್ತದೆ. ಮಾರ್ಚ್ ಕೊನೆಯ ಮತ್ತು ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಸುಮಾರು ಗುಮ್ಮಟದ ನೇರಕ್ಕೇ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಪೂರ್ತಿ ಎಡಕ್ಕೆ, ಜೂನ್‌ನಲ್ಲಿ ಪೂರ್ತಿ ಬಲಕ್ಕೆ. ಗುಮ್ಮಟದ ಹಿಂದೆ ಕೆಂಪು ಚೆಂಡು ಬೇಕು ಅಂತ ಡಿಸೆಂಬರ್‌ನಲ್ಲಿ ಕಾದರೆ ಸುಮ್ನೆ ಕಾಲು ನೋವು ಅಷ್ಟೆ.

ಹುಮಾಯೂನ್ ಸಮಾಧಿ. ಜನ ಒಳಗೆ ಹೋಗುವುದು ಪಶ್ಚಿಮದ ಬಾಗಿಲಿನಿಂದ. ಬೆಳಗ್ಗೆ ಆ ಕಡೆಯ ಮುಖ ನೆರಳಿನಲ್ಲಿ ಇರುತ್ತದೆ. ಆ ಬಾಗಿಲಿನ ಕಮಾನಿನೊಳಗೆ ಸಮಾಧಿ ಕೂರಿಸಿದ ಫೋಟೊ ಎಲ್ಲರಿಗೂ ಬೇಕು. ಅದನ್ನು ಸಂಜೆ ಸೂರ್ಯ ಮುಳುಗುವ ಎರಡು ಗಂಟೆ ಮುಂಚೆ ತೆಗೆಯಿರಿ. ಬೆಳಗ್ಗೆಯೇ ಹೋದರೆ ಅಲ್ಲಿ ನಿಲ್ಲದೆ ನೇರ ಹಿಂದಿನ ತೋಟಕ್ಕೆ, ಪೂರ್ವಕ್ಕೆ ನಡೆಯಿರಿ. ಅಲ್ಲಿ ಜನವೂ ಕಡಿಮೆ.

ಕೆಂಪು ಕೋಟೆ. ಲಾಹೋರಿ ಗೇಟ್ ಇರುವುದು ಪಶ್ಚಿಮಕ್ಕೆ, ಚಾಂದನಿ ಚೌಕ್ ಕಡೆ ಮುಖ ಮಾಡಿ. ಕೆಂಪು ಕಲ್ಲು ಕೆಂಪಾಗಿ ಕಾಣುವುದು ಮೂರು ಗಂಟೆಯ ಮೇಲೆ. ಮೆಟ್ರೋ ಲಾಲ್ ಕಿಲಾ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ.

ಕುತುಬ್ ಮಿನಾರ್. ದುಂಡಗಿನ ಗೋಪುರ. ಯಾವ ಹೊತ್ತಿಗೂ ಒಂದು ಬದಿಗೆ ಬಿಸಿಲು ಇದ್ದೇ ಇರುತ್ತದೆ. ಪಕ್ಕದಿಂದ ಬೀಳುವ ಬೆಳಕು ಬೇಕು, ಏಕೆಂದರೆ ಮೈಮೇಲಿನ ಏಣು ಮತ್ತು ಕೆತ್ತಿದ ಅಕ್ಷರಗಳು ನೆರಳಿನಿಂದಲೇ ಎದ್ದು ಕಾಣುವುದು. ಅರ್ಧಕ್ಕೆ ನಿಂತ ಅಲಾಯಿ ಮಿನಾರ್ ಇರುವುದು ಉತ್ತರಕ್ಕೆ. ಅಲ್ಲಿಂದ ಕುತುಬ್ ನೋಡುವುದೆಂದರೆ ದಕ್ಷಿಣಕ್ಕೆ ನೋಡಿದ ಹಾಗೆ. ಚಳಿಗಾಲದ ಮಧ್ಯಾಹ್ನ ಅಲ್ಲಿ ನಿಂತರೆ ಸೂರ್ಯ ಕಣ್ಣಿಗೇ ಕುಕ್ಕುತ್ತದೆ.

ಜಂತರ್ ಮಂತರ್. ಇದೊಂದು ತಿರುಗುಮುರುಗು. ನೆರಳನ್ನೇ ಅಳೆಯಲು 1724ರಲ್ಲಿ ಕಟ್ಟಿದ ಜಾಗ ಇದು. ಕಡು ಬಿಸಿಲಿನಲ್ಲೇ ಚೆನ್ನಾಗಿ ಕಾಣುತ್ತದೆ. ನಡುಹಗಲಿನ ಹೊತ್ತು ಇಲ್ಲಿಗೆ ಮತ್ತು ಹೇಲಿ ರಸ್ತೆಯ ಅಗ್ರಸೇನ್ ಕಿ ಬಾವೋಲಿಗೆ ಕೊಡಿ. ಬಾವಿಯ ಮೆಟ್ಟಿಲ ತಳಕ್ಕೆ ಬೆಳಕು ಇಳಿಯುವುದೂ ಆಗಲೇ.

ಇನ್ನೊಂದು ಸಮಾಧಾನದ ಮಾತು. "ಮಧ್ಯಾಹ್ನ ಫೋಟೊ ಬೇಡ" ಎಂಬ ಸಲಹೆ ದಿಲ್ಲಿಯ ಚಳಿಗಾಲಕ್ಕೆ ಅನ್ವಯಿಸುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಲ್ಲೂ ಸೂರ್ಯ 38 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಜೂನ್‌ನಲ್ಲಿ 85 ಡಿಗ್ರಿ, ಅಂದರೆ ಬಹುತೇಕ ನೆತ್ತಿಯ ಮೇಲೆ. ಚಳಿಗಾಲದಲ್ಲಿ ಇಡೀ ದಿನ ಕೆಲಸ ಮಾಡಬಹುದು. ಬೇಸಿಗೆಯಲ್ಲಿ ಹತ್ತು ಗಂಟೆಗೆ ಚೀಲ ಕಟ್ಟುವುದೇ ವಾಸಿ.

## ಹಂತ 3: ಚೀಲಕ್ಕೆ ಏನು ಹಾಕಬೇಕು, ಏನು ಬೇಡ

ಟ್ರೈಪಾಡ್ ಬೇಡ. ಪುರಾತತ್ವ ಇಲಾಖೆ ನೋಡಿಕೊಳ್ಳುವ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಫೋಟೊ ತೆಗೆಯಲು ತೊಂದರೆ ಇಲ್ಲ, ಆದರೆ ಟ್ರೈಪಾಡ್ ನಿಲ್ಲಿಸಲು ಮುಂಚೆಯೇ ಅನುಮತಿ ಪತ್ರ ಬೇಕು. ಒಮ್ಮೆ ಒಂದು ಸ್ಮಾರಕದ ಗೇಟಿನಲ್ಲಿ ನನ್ನ ಟ್ರೈಪಾಡ್ ತಡೆದರು. ಇಟ್ಟು ಹೋಗಲು ಜಾಗವಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. ಮೂವತ್ತು ನಿಮಿಷ ವಾದ ಮಾಡುವಷ್ಟರಲ್ಲಿ ಬೆಳಕೇ ಹೋಯಿತು. ಈಗ ಅದು ಮನೆಯಲ್ಲೇ ಇರುತ್ತದೆ.

ಅದರ ಬದಲು ಎರಡು ವಸ್ತು ಇಟ್ಟುಕೊಳ್ಳಿ. ಒಂದು, ಅರ್ಧ ಕೆ.ಜಿ. ಅಕ್ಕಿ ತುಂಬಿದ ಬಟ್ಟೆ ಚೀಲ. ಪಾರ್ಕಿನ ಬೆಂಚು, ರಸ್ತೆ ಬದಿಯ ಕಂಬದ ಮೇಲಿಟ್ಟು ಅದರ ಮೇಲೆ ಕ್ಯಾಮರಾ ಒತ್ತಿದರೆ ಅಲುಗುವುದಿಲ್ಲ. ಸ್ಮಾರಕದ ಕಲ್ಲಿನ ಮೇಲೆ ಮಾತ್ರ ಇಡಬೇಡಿ. ಇನ್ನೊಂದು, ಕ್ಯಾಮರಾದ ಅಡಿಯ ಟ್ರೈಪಾಡ್ ತೂತಿಗೆ ಹಿಡಿಯುವ ಕಾಲು ಇಂಚಿನ ಬೋಲ್ಟು ಮತ್ತು ಅದಕ್ಕೆ ಕಟ್ಟಿದ ಎರಡು ಮೀಟರ್ ದಾರ. ದಾರದ ತುದಿಯನ್ನು ಕಾಲಲ್ಲಿ ಮೆಟ್ಟಿ ಕ್ಯಾಮರಾವನ್ನು ಮೇಲಕ್ಕೆ ಜಗ್ಗಿ ಹಿಡಿಯಿರಿ. ನೋಡುವವರಿಗೆ ನಗು ಬರಬಹುದು. ಫೋಟೊ ಮಾತ್ರ ಅಲುಗಿರುವುದಿಲ್ಲ.

ಇಷ್ಟರ ಜೊತೆಗೆ ಪವರ್ ಬ್ಯಾಂಕ್, ಲೆನ್ಸ್ ಒರೆಸುವ ಬಟ್ಟೆ, ನೀರು, ಗುರುತಿನ ಚೀಟಿ. ಕ್ಯಾಮರಾ ಇದ್ದವರಿಗೆ 24-70 ಮಿ.ಮೀ. ಲೆನ್ಸ್ ಅಥವಾ ಕ್ಯಾಮರಾ ಜೊತೆಗೇ ಬಂದ ಕಿಟ್ ಲೆನ್ಸ್ ಒಂದೇ ಸಾಕು. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್ ಹೊರುವುದು ದಂಡ. ದೂರದಿಂದ ಎಳೆದು ತೆಗೆದಷ್ಟೂ ನಡುವಿನ ಧೂಳು ಫೋಟೊದಲ್ಲಿ ಜಾಸ್ತಿ.

ಡ್ರೋನ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಸ್ಮಾರಕಗಳಿರುವ ದಿಲ್ಲಿಯ ನಡುಭಾಗ ಡ್ರೋನ್‌ಗೆ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಾರಿಸಿದರೆ ಫೋಟೊ ಬದಲು ಪೊಲೀಸ್ ಠಾಣೆ ನೋಡುತ್ತೀರಿ.

## ಹಂತ 4: ಹೋಟೆಲ್‌ನಲ್ಲೇ ಸೆಟ್ಟಿಂಗ್ ಮುಗಿಸಿ

ಗೇಟಿನ ಮುಂದೆ ನಿಂತು ಮೆನು ತಡಕಾಡಬೇಡಿ.

ಫೋನ್‌ನಲ್ಲಿ ಗ್ರಿಡ್ ಮತ್ತು ಲೆವೆಲ್ ಗೆರೆ ಹಾಕಿ, ಬೆಳಕು-ನೆರಳು ಎರಡರ ವಿವರವನ್ನೂ ಉಳಿಸುವ ಎಚ್‌ಡಿಆರ್ ಇರಲಿ. ಲೆನ್ಸ್ ಒರೆಸಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸಂಜೆಯ ದೀಪಗಳ ಸುತ್ತ ಎಣ್ಣೆ ಹಚ್ಚಿದ ಹಾಗೆ ಗೆರೆ ಬಂದರೆ ಅದು ನಿಮ್ಮ ಬೆರಳಿನ ಗುರುತು. ಕ್ಯಾಮರಾದಲ್ಲಿ ರಾ (ಆಮೇಲೆ ತಿದ್ದಲು ಎಲ್ಲ ವಿವರ ಉಳಿಸುವ ಫೈಲ್), ಅಪರ್ಚರ್ ಮೋಡ್ (ಲೆನ್ಸ್ ಎಷ್ಟು ತೆರೆಯಬೇಕು ಅಂತ ನೀವು ಹೇಳುವುದು), ಎಫ್ 8 (ಆ ತೆರೆಯುವಿಕೆಯ ಅಳತೆ), ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 200. ಅತಿ ಬೆಳಕಾದ ಜಾಗ ಮಿನುಗಿ ತೋರಿಸುವ ಹೈಲೈಟ್ ಎಚ್ಚರಿಕೆಯನ್ನು ಆನ್ ಮಾಡಿ. ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡದೆ ಹಗಲು ಬೆಳಕಿಗೆ ನಿಲ್ಲಿಸಿ. ಇಲ್ಲದಿದ್ದರೆ ಒಂದು ಫೋಟೊದಲ್ಲಿ ಕೆಂಪು ಕೋಟೆ ಇಟ್ಟಿಗೆ ಬಣ್ಣ, ಮುಂದಿನದರಲ್ಲಿ ಗುಲಾಬಿ.

ಜುಲೈ-ಸೆಪ್ಟೆಂಬರ್‌ನಲ್ಲಿ ಎಸಿ ಮೆಟ್ರೋದಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮೇಲೆ ಆವಿ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಹದಿನೈದು ನಿಮಿಷ ಕ್ಯಾಮರಾವನ್ನು ಚೀಲದಲ್ಲೇ ಬಿಟ್ಟು ನಡೆಯಿರಿ, ತಾನಾಗಿ ಹೋಗುತ್ತದೆ.

## ಹಂತ 5: ನಿಲ್ಲುವ ಜಾಗ ಹುಡುಕಿ (ಎಲ್ಲರೂ ಎಡವುವುದು ಇಲ್ಲೇ)

ಮಿನಾರ್ ಹಿಂದಕ್ಕೆ ಬಿದ್ದ ಹಾಗೆ ಕಾಣುವುದಕ್ಕೆ ಒಂದೇ ಕಾರಣ: ನೀವು ತೀರಾ ಹತ್ತಿರ ನಿಂತು ಫೋನನ್ನು ಮೇಲಕ್ಕೆ ಬಾಗಿಸಿದ್ದೀರಿ. ಫೋನ್ ಬಾಗಿದ ಕೂಡಲೇ ನೇರ ಗೆರೆಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಗೋಡೆಗೆ ಫೋನ್ ಒರಗಿಸಿದರೆ ಹೇಗೆ ನೆಟ್ಟಗೆ ನಿಲ್ಲುತ್ತದೋ ಹಾಗೇ ಹಿಡಿದರೆ ಕಟ್ಟಡವೂ ನೆಟ್ಟಗಿರುತ್ತದೆ.

"ಹಾಗೆ ಹಿಡಿದರೆ ತುದಿ ಕಾಣಲ್ವಲ್ಲ?" ಅಂತೀರಿ. ಕಾಣಬೇಕಾದರೆ ಎಷ್ಟು ಹಿಂದೆ ಹೋಗಬೇಕು ಅಂತ ಲೆಕ್ಕ ಇದೆ. ಸಾಮಾನ್ಯ ಫೋನ್‌ನ 1ಎಕ್ಸ್ (ಮಾಮೂಲಿ) ಲೆನ್ಸಿಗೆ ಇದನ್ನು ನೆನಪಿಡಿ:

- ಫೋನ್ ಉದ್ದ ಹಿಡಿದರೆ: ಕಟ್ಟಡದ ಎತ್ತರದ ಒಂದೂವರೆ ಪಟ್ಟು ದೂರ
- ಅಡ್ಡ ಹಿಡಿದರೆ: ಎರಡು ಪಟ್ಟು ದೂರ
- 0.5ಎಕ್ಸ್ (ಅಗಲ ನೋಟದ) ಲೆನ್ಸಿನಲ್ಲಿ ಉದ್ದ ಹಿಡಿದರೆ: ಮುಕ್ಕಾಲು ಪಟ್ಟು

ಕುತುಬ್ ಮಿನಾರ್ ಸುಮಾರು 72.5 ಮೀಟರ್. ಒಂದೂವರೆ ಪಟ್ಟು ಅಂದರೆ ಹತ್ತಿರಹತ್ತಿರ 110 ಮೀಟರ್. ಮಾಮೂಲಿ ನಡಿಗೆಯಲ್ಲಿ ನೂರೈವತ್ತು ಹೆಜ್ಜೆ. ಗೋಪುರದ ಬುಡದಿಂದ ಬೆನ್ನು ತಿರುಗಿಸಿ ಎಣಿಸುತ್ತಾ ಹೋಗಿ, ಆಮೇಲೆ ತಿರುಗಿ ನೋಡಿ. ನಡುವೆ ಗೋಡೆ ಅಡ್ಡ ಬಂದು ಅಷ್ಟು ದೂರ ಸಿಗದಿದ್ದರೆ 0.5ಎಕ್ಸ್‌ಗೆ ಬದಲಿಸಿ, 55 ಮೀಟರ್ ಸಾಕು. ಇಂಡಿಯಾ ಗೇಟ್‌ಗೆ ಉದ್ದ ಹಿಡಿದು 60-65 ಮೀಟರ್, ಅಡ್ಡ ಹಿಡಿದು 85.

ಈಗ ಫೋಟೊದ ಕೆಳಗಿನ ಅರ್ಧ ಬರೀ ನೆಲ ಇರುತ್ತದೆ. ಗಾಬರಿ ಬೇಡ, ಆ ನೆಲವನ್ನು ಆಮೇಲೆ ಕತ್ತರಿಸಿ ಬಿಸಾಕುತ್ತೀರಿ. ಉಳಿದ ಮೇಲಿನ ಭಾಗದಲ್ಲಿ ಮಿನಾರ್ ನೆಟ್ಟಗೆ ನಿಂತಿರುತ್ತದೆ. ಕಟ್ಟಡಗಳನ್ನೇ ತೆಗೆಯುವವರು ಕ್ಯಾಮರಾ ಬಾಗಿಸದೆ ನೋಟವನ್ನು ಮೇಲಕ್ಕೆ ಸರಿಸುವ ದುಬಾರಿ ಶಿಫ್ಟ್ ಲೆನ್ಸ್ ಕೊಂಡು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ನಿಮಗೆ ಒಂದಿಷ್ಟು ಪಿಕ್ಸೆಲ್ ನಷ್ಟ, ಅಷ್ಟೆ. ಅಥವಾ ಆ ಕೆಳಗಿನ ಅರ್ಧಕ್ಕೆ ಏನಾದರೂ ಕೆಲಸ ಕೊಡಿ. ಹುಮಾಯೂನ್ ಸಮಾಧಿಯಲ್ಲಾದರೆ ನೀರಿನ ಕಾಲುವೆ, ಕುತುಬ್‌ನಲ್ಲಾದರೆ ಮುರಿದ ಕಮಾನುಗಳ ನೆರಳು.

ಕುತುಬ್‌ನಲ್ಲಿ ಇನ್ನೊಂದು ಚೇಷ್ಟೆ ಇದೆ. ಗೋಪುರ ನಿಜವಾಗಿಯೂ ಕೊಂಚ ವಾಲಿದೆ. ಗೋಪುರವನ್ನು ನೋಡಿ ಫೋಟೊ ನೇರ ಮಾಡಲು ಹೋದರೆ ಉಳಿದದ್ದೆಲ್ಲ ಸೊಟ್ಟ. ಫೋನ್‌ನ ಲೆವೆಲ್ ಗೆರೆಯನ್ನು ನಂಬಿ.

ಹುಮಾಯೂನ್ ಸಮಾಧಿಯ ಫೋಟೊ ನಿಲ್ಲುವುದು ಎರಡು ಬದಿ ಸಮ ಇರುವುದರ ಮೇಲೆ. ಒಂದು ಅಡಿ ಆಚೀಚೆ ಆದರೂ ಕಣ್ಣಿಗೆ ಚುಚ್ಚುತ್ತದೆ. ಕಾಲುವೆಯ ನಡುಗೆರೆ ಹುಡುಕಿ, ಅದರ ಎರಡು ಬದಿಗೆ ಕಾಲಿಟ್ಟು ನಿಂತು, ಗುಮ್ಮಟದ ತುದಿಯನ್ನು ಗ್ರಿಡ್‌ನ ನಡುವಿಗೆ ತನ್ನಿ. ಗ್ರಿಡ್‌ನಲ್ಲಿ ನಡುಗೆರೆ ಇಲ್ಲದಿದ್ದರೆ ಎಡಬಲದ ಚಿಕ್ಕ ಛತ್ರಿಗಳು (ಕಂಬಗಳ ಮೇಲೆ ಪುಟ್ಟ ಗುಮ್ಮಟವಿರುವ ಮಂಟಪಗಳು) ಗ್ರಿಡ್ ಗೆರೆಗಳಿಂದ ಒಂದೇ ದೂರ ಇವೆಯಾ ನೋಡಿ. ಇಷ್ಟು ಮಾಡಿಯೂ ಬೇರೆ ಕೋನ ಬೇಕೆನಿಸಿದರೆ ಪೂರ್ತಿ ಮೂಲೆಗೆ ಹೋಗಿ. ನಡುವೂ ಅಲ್ಲ, ಮೂಲೆಯೂ ಅಲ್ಲ ಅನ್ನುವ ಜಾಗದ ಫೋಟೊ ತಪ್ಪಾಗಿ ತೆಗೆದ ಹಾಗೇ ಕಾಣುತ್ತದೆ.

ರಾಷ್ಟ್ರಪತಿ ಭವನಕ್ಕೆ ಲೆಕ್ಕವೇ ಬೇರೆ. ವಿಜಯ್ ಚೌಕ್‌ಗೆ ಬಂದು ನಿಂತರೆ ಭವನ ಮಾಯವಾಗಿ ಗುಮ್ಮಟ ಮಾತ್ರ ಉಳಿಯುತ್ತದೆ. ಎದುರಿನ ರೈಸಿನಾ ದಿಣ್ಣೆಯ ಏರು ಅದನ್ನು ಮುಚ್ಚುತ್ತದೆ. ಈ ಏರಿನ ವಿಷಯಕ್ಕೇ ಹೊಸದಿಲ್ಲಿಯ ವಾಸ್ತುಶಿಲ್ಪಿಗಳಾದ ಲುಟ್ಯೆನ್ಸ್ ಮತ್ತು ಬೇಕರ್ ಜಗಳವಾಡಿಕೊಂಡಿದ್ದರು. ನೀವು ಜಗಳ ಬಿಡಿ, ಇಂಡಿಯಾ ಗೇಟ್ ಕಡೆ ಹಿಂದೆ ನಡೆಯಿರಿ. ದೂರ ಹೋದ ಹಾಗೆ ಭವನ ಮತ್ತೆ ಮೇಲೇಳುತ್ತದೆ. ಟೆಲಿ ಲೆನ್ಸ್ ಬೇಕೆನಿಸುವ ಜಾಗ ಇದೊಂದೇ. ಫೋನ್‌ನ 3ಎಕ್ಸ್ ಸಾಕಾಗುತ್ತದೆ. ಸುತ್ತಲೂ ಕೋತಿಗಳಿವೆ, ತಿಂಡಿ ಪೊಟ್ಟಣ ಹೊರಗೆ ಇಟ್ಟುಕೊಳ್ಳಬೇಡಿ.

ಕೆಂಪು ಕೋಟೆಯಲ್ಲಿ ಲಾಹೋರಿ ಗೇಟ್‌ನ ನೇರ ಎದುರು ಹುಡುಕುತ್ತಾ ಕಾಲ ಕಳೆಯಬೇಡಿ. ಔರಂಗಜೇಬ್ ಕಟ್ಟಿಸಿದ ಅಡ್ಡಗೋಡೆ ಅದನ್ನು ಮರೆ ಮಾಡಿದೆ. ರಸ್ತೆಯ ಕಡೆಯಿಂದ ಗೋಡೆಯ ಉದ್ದವನ್ನು ಓರೆಯಾಗಿ ಹಿಡಿಯಿರಿ.

## ಹಂತ 6: ಬಿಳಿ ಕಲ್ಲನ್ನು ಸುಡದೆ ಬೆಳಕು ಹಿಡಿಯಿರಿ

ಗುಮ್ಮಟ ಸುಟ್ಟು ಹೋಗುವುದು, ಲೋಟಸ್ ಟೆಂಪಲ್ ಬೂದಿ ಆಗುವುದು ಎರಡಕ್ಕೂ ಕಾರಣ ಒಂದೇ. ಕ್ಯಾಮರಾಕ್ಕೆ ಎದುರಿನ ವಸ್ತು ಬಿಳಿಯೋ ಕಪ್ಪೋ ಗೊತ್ತಿಲ್ಲ. ಚೌಕಟ್ಟಿನಲ್ಲಿ ಇರುವುದನ್ನೆಲ್ಲ ಸೇರಿಸಿ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ.

ಲೋಟಸ್ ಟೆಂಪಲ್‌ನಲ್ಲಿ ಚೌಕಟ್ಟು ತುಂಬ ಬಿಳಿ ಅಮೃತಶಿಲೆಯ 27 ದಳಗಳು. ಕ್ಯಾಮರಾ ಬೆಳಕು ಇಳಿಸಿಬಿಡುತ್ತದೆ. ಅಲ್ಲಿ ನೀವು ಬೆಳಕನ್ನು ಏರಿಸಬೇಕು, ಕ್ಯಾಮರಾದ ಎಕ್ಸ್‌ಪೋಷರ್ ಹೆಚ್ಚು-ಕಡಿಮೆ ಮಾಡುವ ಗುಂಡಿಯಲ್ಲಿ +0.7ರಿಂದ +1. ಫೋನ್‌ನಲ್ಲಿ ದಳದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಮೇಲಕ್ಕೆ ತಳ್ಳಿ.

ಹುಮಾಯೂನ್ ಸಮಾಧಿಯಲ್ಲಿ ತದ್ವಿರುದ್ಧ. ಚೌಕಟ್ಟಿನ ತುಂಬ ಕೆಂಪು ಕಲ್ಲು, ಹಸಿರು ಗಿಡ. ಬಿಳಿ ಗುಮ್ಮಟ ಮೇಲೆ ಚಿಕ್ಕದಾಗಿ. ಕ್ಯಾಮರಾ ಕಲ್ಲಿಗಾಗಿ ಬೆಳಕು ಏರಿಸುತ್ತದೆ, ಗುಮ್ಮಟ ಸುಟ್ಟು ಹೋಗುತ್ತದೆ. ಇಲ್ಲಿ ಗುಮ್ಮಟದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಲಾಕ್ ಆದ ಮೇಲೆ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆಯಿರಿ. ಗುಮ್ಮಟದ ಕಲ್ಲುಗಳ ನಡುವಿನ ಸಣ್ಣ ಗೆರೆ ಕಾಣಿಸಲು ಶುರುವಾದ ಕೂಡಲೇ ನಿಲ್ಲಿಸಿ. ಕೆಳಗಿನ ಕೆಂಪು ಕಲ್ಲು ಕೊಂಚ ಕತ್ತಲೆ ಅನಿಸುತ್ತದೆ. ಇರಲಿ, ಅದನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳಿಯನ್ನು ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ.

ಲೋಟಸ್ ಟೆಂಪಲ್‌ನ ಪ್ರಾರ್ಥನಾ ಸಭಾಂಗಣದ ಒಳಗೆ ಫೋಟೊ ತೆಗೆಯುವಂತಿಲ್ಲ, ಮಾತೂ ಆಡುವಂತಿಲ್ಲ. ಹೊರಗಿನ ಕೊಳಗಳ ಅಂಚಿನಿಂದಲೇ ನಿಮ್ಮ ಕೆಲಸ.

## ಹಂತ 7: ಜನರೊಂದಿಗೆ ಹೊಂದಿಕೊಳ್ಳಿ

ಭಾನುವಾರ ಬೇಡ. ಬೇರೆ ದಿನವಾದರೂ ಜನ ಇರುತ್ತಾರೆ. ಆದರೆ ಗಮನಿಸಿ, ಅವರು ಅಲೆ ಅಲೆಯಾಗಿ ಬರುತ್ತಾರೆ. ಒಂದು ಶಾಲೆಯ ಗುಂಪು, ಗೈಡ್ ಹಿಂದೆ ಒಂದು ಬಸ್ಸಿನವರು, ನಡುವೆ ಒಂದೆರಡು ನಿಮಿಷ ಬಿಡುವು. ಚೌಕಟ್ಟು ಸಿದ್ಧ ಮಾಡಿ ಅಲ್ಲೇ ನಿಲ್ಲಿ, ಜಾಗ ಬಿಡಬೇಡಿ. ಹತ್ತು ನಿಮಿಷ ಕಾದರೆ ಒಂದು ಖಾಲಿ ಗಳಿಗೆ ಸಿಗುತ್ತದೆ.

ಎಲ್ಲರನ್ನೂ ಅಳಿಸಿ ಹಾಕುವ ಹಟವೂ ನನಗೆ ಇಷ್ಟವಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ಇಲ್ಲದಿದ್ದರೆ ಕುತುಬ್ 20 ಮೀಟರೋ 70 ಮೀಟರೋ ಅಂತ ನೋಡುವವರಿಗೆ ತಿಳಿಯುವುದಿಲ್ಲ. ಗಾಢ ಬಣ್ಣದ ಸೀರೆ ಉಟ್ಟವರೊಬ್ಬರು ಕಮಾನು ದಾಟುವ ತನಕ ಕಾಯುವುದು ಖಾಲಿ ಅಂಗಳಕ್ಕೆ ಕಾಯುವುದಕ್ಕಿಂತ ಲಾಭ. ಮುಖ ಗುರುತಾಗುವಷ್ಟು ಹತ್ತಿರದಿಂದ ತೆಗೆಯುವುದಾದರೆ ಕೇಳಿ ತೆಗೆಯಿರಿ.

## ಹಂತ 8: ಮುಸ್ಸಂಜೆಯ ಇಪ್ಪತ್ತು ನಿಮಿಷ

ದೀಪ ಹಾಕಿದ ಇಂಡಿಯಾ ಗೇಟ್ ತೆಗೆಯಲು ಜನ ರಾತ್ರಿ ಎಂಟಕ್ಕೆ ಬರುತ್ತಾರೆ. ಆಗ ಆಕಾಶ ಪೂರ್ತಿ ಕಪ್ಪು. ಬೇಕಿರುವುದು ಸೂರ್ಯ ಮುಳುಗಿದ ಹತ್ತು ನಿಮಿಷದ ಮೇಲೆ ಸಿಗುವ ಇಪ್ಪತ್ತು ನಿಮಿಷ. ಆಕಾಶ ಕಡುನೀಲಿ, ದೀಪದ ಬೆಳಕು ಅದಕ್ಕೆ ಸರಿಸಮ. ಜನವರಿ ಮೊದಲ ವಾರದಲ್ಲಿ ಅದು ಐದೂಮುಕ್ಕಾಲರ ಸುಮಾರಿಗೆ, ಜೂನ್ ಕೊನೆಯಲ್ಲಿ ಏಳೂವರೆಗೆ. ಅರ್ಧ ಗಂಟೆ ಮೊದಲೇ ಹೋಗಿ ಜಾಗ ಹಿಡಿದು, ಹಂತ 5ರ ಲೆಕ್ಕ ಮುಗಿಸಿರಿ.

ಕ್ಯಾಮರಾಕ್ಕೆ ಐಎಸ್‌ಒ 1600, ಲೆನ್ಸ್ ಬಿಟ್ಟಷ್ಟು ಅಗಲ ತೆರೆದು, ಶಟರ್ 1/30 ಸೆಕೆಂಡ್. ಉಸಿರು ಹೊರಗೆ ಬಿಟ್ಟು ಒಂದೇ ಸಲಕ್ಕೆ ಐದು ಫೋಟೊ ಹೊಡೆಯಿರಿ. ಮೂರನೆಯದೋ ನಾಲ್ಕನೆಯದೋ ಚೂಪಾಗಿರುತ್ತದೆ, ಏಕೆಂದರೆ ಮೊದಲನೆಯದರಲ್ಲಿ ಬೆರಳು ಒತ್ತುವಾಗ ಕ್ಯಾಮರಾ ಅಲುಗುತ್ತದೆ. ಫೋನ್ ಆದರೆ ನೈಟ್ ಮೋಡ್ ಹಾಕಿ, ಅಕ್ಕಿ ಚೀಲದ ಮೇಲೋ ದೀಪದ ಕಂಬಕ್ಕೋ ಒತ್ತಿ ಹಿಡಿದು, ಎರಡು ಸೆಕೆಂಡ್ ಟೈಮರ್ ಇಡಿ. ಕಮಾನಿಗೆ ಬಣ್ಣದ ದೀಪ ಬಿದ್ದಿದ್ದರೆ ಬೆಳಕನ್ನು ಇನ್ನೂ ಒಂದು ಮೆಟ್ಟಿಲು ಇಳಿಸಿ. ಇಲ್ಲವಾದರೆ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳು ಬಣ್ಣದಲ್ಲಿ ಕರಗಿಹೋಗುತ್ತವೆ.

## ಹಂತ 9: ಇಲ್ಲಿ ನಿಲ್ಲಿಸಬೇಕು ಅನ್ನುವ ಸೂಚನೆಗಳು

ಸಂಸತ್ತು, ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಸುತ್ತಮುತ್ತ ಕಾವಲು ಬಿಗಿ. ಕಟ್ಟಡದ ನೋಟ ತೆಗೆಯುವುದು ಒಂದು, ಕಾವಲುಗಾರ, ತಡೆಗಂಬ, ವಾಹನದ ಮೇಲೆ ಜೂಮ್ ಮಾಡುವುದು ಇನ್ನೊಂದು. ಎರಡನೆಯದು ಬೇಡ. ಪೊಲೀಸರು ಎರಡು ಸಲ ನಿಮ್ಮ ಕಡೆ ನೋಡಿದರೆ ಕ್ಯಾಮರಾ ಇಳಿಸಿ, ನೀವೇ ಹೋಗಿ "ಇಲ್ಲಿ ತೆಗೆಯಬಹುದಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಅಳಿಸಿ ಅಂದರೆ ಅಳಿಸಿ. ನಿನ್ನೆ ಬೇರೆಯವರು ತೆಗೆದಿದ್ದರು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಮದುವೆ ಡ್ರೆಸ್, ರಿಫ್ಲೆಕ್ಟರ್, ಲೈಟು, ಇಬ್ಬರು ಸಹಾಯಕರು ಇದ್ದರೆ ನಿಮ್ಮನ್ನು ಪ್ರವಾಸಿ ಅಂತ ಯಾರೂ ನಂಬುವುದಿಲ್ಲ. ಅದಕ್ಕೆ ಬೇರೆ ಅನುಮತಿ, ಬೇರೆ ಶುಲ್ಕ. ಯುದ್ಧ ಸ್ಮಾರಕದಲ್ಲಿ ಹೆಸರುಗಳ ಗೋಡೆಗೆ ಒರಗಿ ಪೋಸ್ ಕೊಡಬೇಡಿ. ಅಲ್ಲಿ ಮಗನ ಹೆಸರು ಹುಡುಕಿಕೊಂಡು ಬಂದ ತಂದೆತಾಯಿ ಪಕ್ಕದಲ್ಲೇ ನಿಂತಿರಬಹುದು.

ಜಾಮಾ ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಮೈ ಮುಚ್ಚುವ ಬಟ್ಟೆ ಇರಲಿ.

## ಹಂತ 10: ಅದೇ ರಾತ್ರಿ ಮುಗಿಸಬೇಕಾದ್ದು

ಮೊದಲು ಕಾಪಿ ಮಾಡಿ, ಆಮೇಲೆ ಊಟ. ನಾಳೆ ಮಾಡಿದರಾಯಿತು ಅಂದವರ ಫೋನ್ ಚಾಂದನಿ ಚೌಕದ ನೂಕುನುಗ್ಗಲಲ್ಲಿ ಹೋದರೆ ಎರಡು ದಿನದ ಕೆಲಸವೂ ಹೋಯಿತು.

ತಿದ್ದುವಾಗಲೂ ಕ್ರಮ ಇದೆ. ಮೊದಲು ಫೋಟೊ ಅಡ್ಡಕ್ಕೆ ನೇರ ಮಾಡಿ. ಆಮೇಲೆ ಮೇಲೆ-ಕೆಳಗಿನ ಪರ್ಸ್ಪೆಕ್ಟಿವ್ (ಮೇಲೆ ಹೋಗ್ತಾ ಹತ್ತಿರವಾಗುವ ಗೆರೆಗಳನ್ನು) ಸರಿ ಮಾಡಿ, ಆದರೆ ತುಸು ಮಾತ್ರ. ಜಾಸ್ತಿ ಎಳೆದರೆ ಮಿನಾರ್‌ನ ತುದಿ ಬುಡಕ್ಕಿಂತ ದಪ್ಪವಾಗಿ, ತಲೆಕೆಳಗಾದ ಬಾಟಲಿಯ ಹಾಗೆ ಕಾಣುತ್ತದೆ. ನಂತರ ಕತ್ತರಿಸಿ. ಎಲ್ಲಕ್ಕಿಂತ ಕೊನೆಗೆ ಬಣ್ಣ. ಮಬ್ಬು ತೆಗೆಯುವ ಡಿಹೇಜ್ ಅನ್ನು ಹತ್ತು-ಹದಿನೈದರಲ್ಲಿ ನಿಲ್ಲಿಸಿ. ಆಕಾಶದಲ್ಲಿ ಕಪ್ಪು ಕಲೆಗಳು, ಗುಮ್ಮಟದ ಸುತ್ತ ಬಿಳಿ ಅಂಚು ಕಂಡರೆ ಮಿತಿ ದಾಟಿದ್ದೀರಿ ಅಂತಲೇ ಅರ್ಥ. ಹೊಗೆಯ ದಿನದ ಫೋಟೊ ಏನು ಮಾಡಿದರೂ ಕಂದು ಬಿಡದಿದ್ದರೆ ಕಪ್ಪು-ಬಿಳುಪು ಮಾಡಿ ನೋಡಿ. ಅರ್ಧಕ್ಕರ್ಧ ಸಲ ಬಚಾವಾಗುತ್ತದೆ.

ಮಲಗುವ ಮೊದಲು ಆ ದಿನದ್ದರಲ್ಲಿ ಕೆಟ್ಟುಹೋದ ಒಂದು ಫೋಟೊ ತೆರೆಯಿರಿ. ತೆಗೆದ ಸಮಯ ಅದರ ವಿವರದಲ್ಲಿ ಇರುತ್ತದೆ. ನಕ್ಷೆಯಲ್ಲಿ ನೀವು ನಿಂತ ಜಾಗ ಗುರುತಿಸಿ, ಆಗ ಸೂರ್ಯ ಯಾವ ಕಡೆ ಇತ್ತು ನೋಡಿ. ನಾಳೆ ಬೆಳಗ್ಗೆ ಇನ್ನೂ ಟೈಮ್ ಇದ್ದರೆ ಎದುರು ಬದಿಯಿಂದ ಅದನ್ನೇ ಮತ್ತೆ ತೆಗೆಯಿರಿ.